ಶಿರಸಿ ಜಗಲೀಲಿ ಆರು ವಾರ ‘ಈಸ್’ ‘ಆರ್’: ಅಕ್ಕೋರ ಗ್ರಾಮರ್ ಕ್ಲಾಸಿಗೆ ಐದಕ್ಕೆ ನಾಲ್ಕು

ಮೊದ್ಲೇ ಹೇಳ್ಬಿಡ್ತೀನಿ, ಮೂವತ್ತು ದಿನದಲ್ಲಿ ಪಟಪಟ ಇಂಗ್ಲಿಷ್ ಮಾತಾಡ್ಸೋ ಕ್ಲಾಸ್ ಹುಡುಕ್ತಾ ಇದ್ರೆ ಇದು ನಿಮಗಲ್ಲ, ಮುಂದಕ್ಕೆ ಓದೋದೂ ಬೇಡ. ಇದು ಶಿರಸಿಲಿ ಒಬ್ರು ರಿಟೈರ್ಡ್ ಅಕ್ಕೋರು (ನಮ್ಮ ಕಡೆ ಟೀಚರಮ್ಮಂಗೆ ಹಂಗೇ ಅನ್ನೋದು) ಅವರ ಮನೆ ಜಗಲೀಲಿ ನಡೆಸೋ ಗ್ರಾಮರ್ ಕ್ಲಾಸು. ವಾರಕ್ಕೆ ಮೂರು ದಿನ, ಸಂಜೆ ಆರೂವರೆಯಿಂದ ಏಳೂಮುಕ್ಕಾಲು, ಒಟ್ಟು ಆರು ವಾರ, ಫೀಸು 1,800 ರೂಪಾಯಿ. ಅದ್ರಲ್ಲಿ ಹೆಚ್ಚುಕಮ್ಮಿ ನಾಲ್ಕು ವಾರ ಒಂದೇ ವಿಷಯ, ಕರ್ತೃ ಒಂದಾದ್ರೆ ಕ್ರಿಯಾಪದ ಹೇಗಿರ್ಬೇಕು, ಜಾಸ್ತಿ ಆದ್ರೆ ಹೇಗಿರ್ಬೇಕು. ಈಸಾ ಆರಾ, ಹ್ಯಾಸಾ ಹ್ಯಾವಾ, ಅಷ್ಟೇ. ‘ಹೆಸ್ರು ಹಾಕ್ಬೇಡ ತಮಾ, ಜಗಲೀಲಿ ಹನ್ನೊಂದು ಜನಕ್ಕಿಂತ ಹೆಚ್ಚು ಹಿಡಿಯಲ್ಲ’ ಅಂತ ಅವ್ರೇ ಹೇಳಿದ್ದಕ್ಕೆ ಹೆಸರು ಹಾಕ್ತಾ ಇಲ್ಲ. ಬೇಕಾದವ್ರಿಗೆ ಹುಡುಕೋದು ಕಷ್ಟ ಅಲ್ಲ, ಶಿರಸಿ ಎಷ್ಟು ದೊಡ್ಡದು.

ನಾನು ಯಾಕೆ ಹೋದೆ ಅಂದ್ರೆ ಒಂದು ಒದ್ದೆ ಚೀಲದ ದೆಸೆಯಿಂದ.

ನಾನಿರೋದು ಅಡಿಕೆ ವಖಾರಿಲಿ, ಲೆಕ್ಕ ನೋಡೋದು, ಬಿಲ್ ಮಾಡೋದು, ಉತ್ತರದ ಕಡೆ ಖರೀದಿದಾರರಿಗೆ ಮೇಲ್ ಹಾಕೋದು. ಫೋನಲ್ಲಾದ್ರೆ ಹಿಂದಿ ಹೇಗೋ ನಡೆಯುತ್ತೆ, ಬರವಣಿಗೆ ಅಂತ ಬಂದಾಗ ಇಂಗ್ಲಿಷೇ ಬೇಕು. ಹೋದ ಮಳೆಗಾಲದಲ್ಲಿ 80 ಚೀಲ ಚಾಲಿ, ಅಂದ್ರೆ ಒಣಗಿಸಿ ಸುಲಿದ ಅಡಿಕೆ, ಕಳಿಸಿದ್ವಿ, ಹುಬ್ಬಳ್ಳಿ ದಾಟಿ ಸ್ವಲ್ಪ ಹೋಗೋದ್ರೊಳಗೆ ಲಾರಿ ಟಾರ್ಪಾಲು ಒಂದು ಮೂಲೇಲಿ ಹರಿದು ಒಂದೇ ಒಂದು ಚೀಲ ಒದ್ದೆ ಆಯ್ತು, ಡ್ರೈವರ್ ಫೋನ್ ಮಾಡಿ ಹೇಳ್ದ. ನಾನು ಪ್ರಾಮಾಣಿಕ ಮನುಷ್ಯ ನೋಡಿ, ಮಾಲು ಮುಟ್ಟೋಕೆ ಮೊದ್ಲೇ ತಿಳಿಸಿಬಿಡೋಣ ಅಂತ ಮೇಲ್ ಹಾಕ್ದೆ, ‘ಬ್ಯಾಗ್ ವರ್ ವೆಟ್, ಕೈಂಡ್ಲಿ ಅಡ್ಜಸ್ಟ್’. ಚೀಲ ಒದ್ದೆ ಆಗಿತ್ತು, ಸರಿಯಾಗೇ ಇದೆಯಲ್ಲ ಅಂತ ನನ್ನ ಲೆಕ್ಕ. ‘ವಾಸ್’ ಯಾಕೆ ಹಾಕ್ಲಿಲ್ಲ ಅಂದ್ರೆ, ನಾಚಿಕೆ ಬಿಟ್ಟು ಹೇಳ್ತೀನಿ, ನಂಗೆ ಅಲ್ಲೀತನಕ ‘ವರ್’ ಅಂದ್ರೆ ‘ವಾಸ್’ನ ಮರ್ಯಾದಸ್ಥ ಅಣ್ಣ ಅಂತಿತ್ತು, ದೊಡ್ಡ ಗಿರಾಕಿಗೆ ಬರೆಯೋವಾಗ ‘ವರ್’ ಹಾಕಿದ್ರೆ ಚಂದ ಅಂತ. ಆ ಕಡೆಯವ್ರು ‘ಬ್ಯಾಗ್’ ಬಿಟ್ರು, ‘ವರ್’ ಹಿಡ್ಕೊಂಡ್ರು. ವರ್ ಅಂದ್ಮೇಲೆ ಬಹುವಚನ, ಚೀಲಗಳು ಒದ್ದೆ, ಎಷ್ಟು ಅಂತ ಬರೆದಿಲ್ಲ, ಹಂಗಾರೆ ಇಡೀ ಲೋಡೇ ಅನುಮಾನ ಅಂತ ಕ್ವಿಂಟಾಲಿಗೆ ಇಷ್ಟು ಕಡಿಮೆ ಮಾಡಿ ಅಂತ ಕೂತ್ರು. ಮೂರು ದಿನ ಫೋನು, ಫೋಟೋ, ವಿಡಿಯೋ. ಕೊನೆಗೆ ಬಗೆಹರೀತು, ಆದ್ರೆ ಪೂರ್ತಿ ಅಲ್ಲ. ನಮ್ಮ ಯಜಮಾನ್ರು ಬೈಲಿಲ್ಲ, ‘ಒಂದು ಅಂತ ಹಾಕಿದ್ರೆ ಆಗ್ತಿತ್ತಲ್ಲೋ’ ಅಂದ್ರು ಅಷ್ಟೇ. ಬೈದಿದ್ರೇ ಎಷ್ಟೋ ಅಡ್ಡಿರ್ಲಿಲ್ಲ.

ಇದಕ್ಕೆ ಮೊದ್ಲು ಫೋನಲ್ಲಿ ಒಂದು ಆಪ್‌ಗೂ ದುಡ್ಡು ಹಾಕಿದ್ದೆ, ಅದರ ಹೆಸರೂ ಬೇಡ. ದಿನಾ ರಾತ್ರಿ ಟಿಂಗ್ ಅಂತ ಎಬ್ಬಿಸುತ್ತೆ, ಖಾಲಿ ಜಾಗ ತುಂಬಿ ಅನ್ನುತ್ತೆ, ತಪ್ಪಾದ್ರೆ ಕೆಂಪು, ಸರಿ ಆದ್ರೆ ಹಸಿರು. ಯಾಕೆ ಕೆಂಪು ಅಂತ ಕೇಳೋಕೆ ಅಲ್ಲಿ ಯಾರೂ ಇಲ್ಲ. ಎರಡು ತಿಂಗಳಲ್ಲಿ ನಾನು ಕಲ್ತಿದ್ದು ಯಾವ ಬಟನ್ ಒತ್ತಿದ್ರೆ ಹಸಿರಾಗುತ್ತೆ ಅಂತ, ಮೇಲ್ ಬರೆಯೋಕೆ ಕೂತ್ರೆ ಮತ್ತೆ ಅದೇ ‘ಬ್ಯಾಗ್ ವರ್’.

ಅಕ್ಕೋರ ಕ್ಲಾಸಿನ ಮೊದಲ ದಿನ ಮಳೆ. ಹನ್ನೊಂದು ಜನ, ಅದ್ರಲ್ಲಿ ಅರ್ಧ ಎಸ್ಸೆಸ್ಸೆಲ್ಸಿ ಪಿಯುಸಿ ಮಕ್ಕಳು, ಉಳಿದವ್ರಲ್ಲಿ ವಿದೇಶಕ್ಕೆ ಹೋಗೋಕೆ ಪರೀಕ್ಷೆ ಬರೀತಿರೋ ಒಬ್ರು ನರ್ಸು, ಕಾರವಾರದಿಂದ ಟ್ರಾನ್ಸ್‌ಫರ್ ಆಗಿ ಬಂದ ಬ್ಯಾಂಕ್ ಹುಡುಗ, ಮಗನ ಹೋಮ್‌ವರ್ಕ್ ನಂಗೇ ಬರ್ತಿಲ್ಲ ಅಂತ ಬಂದ ಒಬ್ಬ ತಾಯಿ, ನಾನು. ಅಕ್ಕೋರು ಮೂಲೇಲಿ ನೀರು ಸೋರ್ತಿದ್ದ ಕೊಡೆಗಳ ರಾಶಿ ತೋರ್ಸಿ ಶುರು ಮಾಡಿದ್ರು. ಇಂಗ್ಲಿಷರ ಮನೇಲಿ ‘ಎಸ್’ ಅನ್ನೋ ಕೊಡೆ ಒಂದೇ ಇರೋದು, ಗಂಡ ಹೆಂಡ್ತಿ ಇಬ್ರಲ್ಲಿ ಯಾರಾದ್ರೂ ಒಬ್ರಿಗೆ. ನಾಮಪದ ತಗೊಂಡು ಹೋದ್ರೆ ಕ್ರಿಯಾಪದಕ್ಕಿಲ್ಲ, ‘ದಿ ಬಾಯ್ಸ್ ಕಮ್’. ನಾಮಪದ ಬಿಟ್ಟು ಹೋದ್ರೆ ಕ್ರಿಯಾಪದಕ್ಕೆ ಸಿಕ್ತು, ‘ದಿ ಬಾಯ್ ಕಮ್ಸ್’. ಪಿಯುಸಿ ಹುಡುಗ ಒಬ್ಬ ತಕ್ಷಣ ಕೇಳ್ದ, ಚಿಲ್ಡ್ರನ್‌ಗೆ ಎಸ್ ಇಲ್ವಲ್ಲ ಅಕ್ಕೋರೇ, ಹಂಗಾರೆ ‘ಚಿಲ್ಡ್ರನ್ ಕಮ್ಸ್’ ಅನ್ಬೇಕಾ? ಅಕ್ಕೋರು ಒಂದು ಕ್ಷಣವೂ ಯೋಚ್ನೆ ಮಾಡ್ಲಿಲ್ಲ. ‘ಚಿಲ್ಡ್ರನ್, ಮೆನ್, ಪೀಪಲ್, ಕ್ಯಾಟಲ್ ಇವೆಲ್ಲ ಮಳೆಗೆ ತಲೆ ಮೇಲಿಂದ ಕಂಬಳಿಕೊಪ್ಪೆ ಹಾಕ್ಕಂಡು ಬಂದವು ತಮಾ, ಅವಕ್ಕೆ ಕೊಡೆ ಬೇಡ. ಹಂಗಂತ ಕೊಡೆ ಕ್ರಿಯಾಪದಕ್ಕೆ ಬಿಟ್ಟು ಕೊಡೋಕೂ ಇಲ್ಲ, ಯಾಕೆಂದ್ರೆ ಬಂದವ್ರು ಒಬ್ರಲ್ಲ.’ ಸುಮ್ನೆ ನಕ್ಕು ಬಿಟ್ಟಿದ್ದೆ, ಆದ್ರೆ ಈಗ್ಲೂ ಮೇಲ್ ಬರೆಯೋವಾಗ ತಲೇಲಿ ಮೊದಲು ಬರೋದು ಆ ಕೊಪ್ಪೆನೇ.

ಈ ಕ್ಲಾಸ್ ಯಾಕೆ ದುಡ್ಡಿಗೆ ತಕ್ಕದ್ದು ಅಂತ ನಂಗೆ ಗೊತ್ತಾಗಿದ್ದು ಎರಡನೇ ವಾರ. ಅಕ್ಕೋರು ನಮ್ಮ ತಪ್ಪುಗಳನ್ನ ಬೋರ್ಡ್ ಮೇಲೆ ಬರೆದು, ಪ್ರತಿ ತಪ್ಪಿನ ಪಕ್ಕ ಅದರ ಕನ್ನಡ ಬರೆದ್ರು. ಆಗ ನೋಡಿದ್ರೆ ತಪ್ಪು ಒಂದೂ ಸುಮ್ನೆ ಆಗಿದ್ದಲ್ಲ, ಎಲ್ಲಾ ಮನೆಯಿಂದ ತಂದಿದ್ದೇ.

ಉದಾಹರಣೆಗೆ ನಾವು ‘ಹೀ ಡೋಂಟ್ ನೋ’ ಅಂತ ಯಾಕೆ ಅಂತೀವಿ? ಕನ್ನಡದಲ್ಲಿ ಬಂದೆ, ಬಂದ, ಬಂದ್ಳು, ಬಂದ್ರು, ಬಂತು ಅಂತ ಕ್ರಿಯಾಪದ ಆಳು ನೋಡಿ ಬಾಲ ಬದಲಾಯಿಸುತ್ತೆ, ಸರಿ. ಆದ್ರೆ ಇಲ್ಲ ಅಂತ ಹೇಳೋವಾಗ? ನಾನು ಬರ್ಲಿಲ್ಲ, ಅವ್ನು ಬರ್ಲಿಲ್ಲ, ಅವ್ಳು ಬರ್ಲಿಲ್ಲ, ಅವ್ರು ಬರ್ಲಿಲ್ಲ, ಕುಮಟೆ ಬಸ್ಸೂ ಬರ್ಲಿಲ್ಲ. ಎಲ್ಲರಿಗೂ ಒಂದೇ. ‘ಇಲ್ಲ’ ಬಂದಕೂಡ್ಲೆ ಕನ್ನಡ ಆಳು ನೋಡೋದೇ ಬಿಡುತ್ತೆ. ಹಂಗೇ ‘ಗೊತ್ತು’, ‘ಬೇಕು’. ನಂಗೆ ಗೊತ್ತು, ಅವ್ನಿಗೆ ಗೊತ್ತು, ಅವ್ರಿಗೆ ಗೊತ್ತು. ಈ ಅಭ್ಯಾಸ ಇಟ್ಕೊಂಡು ಇಂಗ್ಲಿಷಿಗೆ ಹೋದ್ರೆ ‘ಹೀ ನೋ’, ‘ಶೀ ವಾಂಟ್’, ‘ಹೀ ಡೋಂಟ್’ ಬರದೆ ಇನ್ನೇನು ಬರುತ್ತೆ. ನಂಗೆ ಮೂವತ್ತು ವರ್ಷದಲ್ಲಿ ಯಾರೂ ಇದನ್ನ ಹೇಳಿರ್ಲಿಲ್ಲ, ದಡ್ಡ ಅಂತ ಮಾತ್ರ ಹೇಳಿದ್ರು. ಅಕ್ಕೋರು ಹೇಳಿದ್ದು, ಇಂಗ್ಲಿಷಲ್ಲಿ ‘ನಾಟ್’ ಬಂದಾಗ ಎಸ್ಸಿನ ಕೊಡೆ ಅಸಲು ಕ್ರಿಯಾಪದದ ಕೈಯಿಂದ ‘ಡೂ’ ಕೈಗೆ ಹೋಗುತ್ತೆ, ಆದ್ರೆ ಮನೆಯಿಂದ ಆಚೆ ಹೋಗಲ್ಲ. ‘ಹೀ ನೋಸ್’, ‘ಹೀ ಡಸಂಟ್ ನೋ’. ‘ಡಸಂಟ್ ನೋಸ್’ ಅಂತ ಎರಡು ಕೊಡೆ ಹಿಡಿದವ್ರೂ ನಮ್ಮಲ್ಲಿ ಇದ್ರು, ಯಾರು ಅಂತ ಹೇಳಲ್ಲ.

ಇನ್ನು ನನ್ನ ಚೀಲದ ಕೇಸು. ಕನ್ನಡದಲ್ಲಿ ‘ಹತ್ತು ಚೀಲ ಬಂತು’ ಅಂತೀವಿ, ಚೀಲಕ್ಕೂ ಗಳು ಇಲ್ಲ, ಬಂತಿಗೂ ಬಹುವಚನ ಇಲ್ಲ. ಪುಸ್ತಕದ ಕನ್ನಡದಲ್ಲಿ ಚೀಲಗಳು ಬಂದವು ಅಂತ ಬರೀಬಹುದು, ವಖಾರಿಲಿ ಹಂಗೆ ಅಂದ್ರೆ ಹಮಾಲ್ರು ನಗ್ತಾರೆ. ಸಂಖ್ಯೆ ಹೇಳಾಯ್ತಲ್ಲ, ಮತ್ತೆ ಎರಡೆರಡು ಸಲ ಯಾಕೆ ಅಂತ ಕನ್ನಡದ ಲೆಕ್ಕ. ಸಂಖ್ಯೆ ಹೇಳ್ದೆ ‘ಚೀಲ ಒದ್ದೆ ಆಗಿತ್ತು’ ಅಂದ್ರಂತೂ ಒಂದಾ ಎಂಬತ್ತಾ ದೇವ್ರಿಗೇ ಗೊತ್ತು, ಎದುರಿಗೆ ಇರೋವ್ನು ಕಣ್ಣಲ್ಲಿ ನೋಡ್ಕೊಳ್ತಾನೆ. ಇಂಗ್ಲಿಷಿಗೆ ಅದು ನಡೆಯಲ್ಲ, ನಾಮಪದ ಒಂದ್ಸಲ ಹೇಳ್ಬೇಕು, ಕ್ರಿಯಾಪದ ಇನ್ನೊಂದ್ಸಲ ಹೇಳ್ಬೇಕು, ಇಬ್ರೂ ಒಂದೇ ಸಾಕ್ಷಿ ಹೇಳ್ಬೇಕು. ನನ್ನ ಮೇಲಲ್ಲಿ ‘ಬ್ಯಾಗ್’ ಒಂದು ಅಂತ ಸಾಕ್ಷಿ ಹೇಳ್ತು, ‘ವರ್’ ತುಂಬಾ ಅಂತ ಹೇಳ್ತು. ಸಾಕ್ಷಿಗಳು ಜಗಳ ಆಡಿದ್ರೆ ಎದುರು ಪಾರ್ಟಿ ತನಗೆ ಲಾಭ ಆಗೋ ಸಾಕ್ಷಿನ ನಂಬ್ತಾನೆ, ಅಕ್ಕೋರು ಇಷ್ಟು ಹೇಳಿ ನನ್ನ ಕಡೆ ನೋಡಿದ್ರು, ನಾನು ನೆಲ ನೋಡ್ದೆ.

ಆದ್ರೆ ಒಂದು ಕಡೆ ನಮ್ಮ ಅಭ್ಯಾಸವೇ ಗೆಲ್ಲುತ್ತೆ, ಅದು ನಂಗೆ ಖುಷಿ ಕೊಟ್ಟ ವಿಷಯ. ದುಡ್ಡು, ದೂರ, ಹೊತ್ತು ಇವನ್ನ ಒಂದು ಗಂಟು ಅಂತ ಹಿಡಿದ್ರೆ ಇಂಗ್ಲಿಷಲ್ಲೂ ಏಕವಚನ. ‘ಫಿಫ್ಟಿ ಥೌಸಂಡ್ ರುಪೀಸ್ ಈಸ್ ಟೂ ಮಚ್’. ಇಲ್ಲಿಂದ ಕುಮಟೆಗೆ ಸುಮಾರು 60 ಕಿಲೋಮೀಟರ್, ಮಧ್ಯ ದೇವಿಮನೆ ಘಾಟು, ‘ಸಿಕ್ಸ್ಟಿ ಕಿಲೋಮೀಟರ್ಸ್ ಈಸ್ ಎ ಲಾಂಗ್ ವೇ’, ಇಲ್ಲಿ ‘ಆರ್’ ಹಾಕಿದ್ರೆ ತಪ್ಪು. ಕಿಲೋಮೀಟರ್‌ಗಳನ್ನ ಒಂದೊಂದಾಗಿ ಯಾರೂ ಎಣಿಸ್ತಾ ಇಲ್ಲ, ಇಡೀ ದಾರಿ ಒಂದು. ಘಾಟಿಲಿ ವಾಂತಿ ಬರೋರು ಎಣಿಸ್ತಾರೇನೋ.

ಮರ್ಯಾದೆ ಪ್ರಶ್ನೆ ಬಂದ ದಿನ ಇಡೀ ಒಂದು ಕ್ಲಾಸ್ ಅದಕ್ಕೇ ಹೋಯ್ತು. ಎಸ್ಸೆಸ್ಸೆಲ್ಸಿ ಹುಡುಗಿ ಒಬ್ಳು ಪ್ರಬಂಧದಲ್ಲಿ ‘ಮೈ ಫಾದರ್ ಆರ್ ಎ ಫಾರ್ಮರ್’ ಅಂತ ಬರೆದಿದ್ಳು, ಮಕ್ಕಳು ನಕ್ರು, ಅಕ್ಕೋರು ನಗ್ಲಿಲ್ಲ. ಅಪ್ಪ ಬಂದ್ರು, ಅಕ್ಕೋರು ಬಂದ್ರು, ಮಾಸ್ತರ್ರು ಬಂದ್ರು ಅಂತ ಒಬ್ರೇ ಇದ್ರೂ ನಾವು ಬಹುವಚನ ಹಾಕ್ತೀವಲ್ಲ, ಹುಡುಗಿ ಅದನ್ನೇ ಮಾಡಿದ್ಳು. ಇಂಗ್ಲಿಷಲ್ಲಿ ಮರ್ಯಾದೆ ಕ್ರಿಯಾಪದದಲ್ಲಿ ಕೂರಲ್ಲ, ‘ಪ್ಲೀಸ್’, ‘ಸರ್’, ‘ವುಡ್ ಯೂ’ ಅಲ್ಲೆಲ್ಲ ಕೂರುತ್ತೆ, ಅಪ್ಪನಾದ್ರೂ ಪ್ರಧಾನಿ ಆದ್ರೂ ‘ಈಸ್’. ನಂಗೆ ಈಗ್ಲೂ ನಮ್ಮ ಯಜಮಾನ್ರ ಬಗ್ಗೆ ‘ಹೀ ಈಸ್ ಔಟ್ ಆಫ್ ಸ್ಟೇಷನ್’ ಅಂತ ಬರೆಯೋವಾಗ ಏಕವಚನದಲ್ಲಿ ಕರೆದ ಹಾಗೆ ಒಂಥರಾ ಆಗುತ್ತೆ.

ಆಗ ನರ್ಸು ಕೇಳಿದ್ರು, ಹಂಗಾರೆ ‘ಯೂ’ಗೆ ಒಬ್ರೇ ಇದ್ರೂ ಯಾಕೆ ‘ಆರ್’? ಒಳ್ಳೇ ಪ್ರಶ್ನೆ, ನಂಗೆ ಯಾವತ್ತೂ ಹೊಳೆದೇ ಇರ್ಲಿಲ್ಲ. ಅಕ್ಕೋರು ಹೇಳಿದ್ದು, ಹಿಂದೆ ಇಂಗ್ಲಿಷಲ್ಲೂ ನೀನು ನೀವು ಎರಡೂ ಇತ್ತು. ‘ದೌ’ ಅಂದ್ರೆ ನೀನು, ಅದಕ್ಕೆ ‘ದೌ ಆರ್ಟ್’, ‘ದೌ ಹ್ಯಾಸ್ಟ್’ ಅಂತ ಬೇರೆ ಬಾಲ. ‘ಯೂ’ ಕಡೆಯದು ಬಹುವಚನ, ನಮ್ಮ ನೀವು. ಆಮೇಲೆ ದೊಡ್ಡೋರಿಗೆ ಒಬ್ರೇ ಇದ್ರೂ ‘ಯೂ’ ಅನ್ನೋಕೆ ಶುರು ಮಾಡಿದ್ರು, ಬರ್ತಾ ಬರ್ತಾ ಯಾರಿಗೂ ‘ದೌ’ ಅನ್ನೋಕೆ ಧೈರ್ಯ ಬರ್ಲಿಲ್ಲ, 17ನೇ ಶತಮಾನದ ಹೊತ್ತಿಗೆ ದಿನಬಳಕೆ ಇಂಗ್ಲಿಷಲ್ಲಿ ‘ದೌ’ ಹೆಚ್ಚುಕಮ್ಮಿ ಹೋಗೇಬಿಡ್ತು. ಉಳಿದಿದ್ದು ನೀವು ಒಂದೇ, ಅದರ ಜತೆ ಅದರ ಬಹುವಚನದ ಕ್ರಿಯಾಪದ. ಅಂದ್ರೆ ಈಗ ಇಂಗ್ಲಿಷರು ಹೆಂಡ್ತಿಗೂ ನೀವು, ಮಗೂಗೂ ನೀವು, ನಾಯಿಗೂ ನೀವು. ಕಾಲಿಗೆ ಸುತ್ತಿಕೊಳ್ತಿದ್ದ ಬೆಕ್ಕಿಗೆ ಹುಡುಗಿ ‘ನೀವು ಆಚೆ ಹೋಗಿ’ ಅಂದ್ಳು, ಅವತ್ತು ಕ್ಲಾಸ್ ಅಲ್ಲಿಗೇ ಮುಗೀತು.

ಒಂದು ಸಣ್ಣ ವಿಷಯ ಇಲ್ಲೇ ಸೇರಿಸ್ತೀನಿ, ಹವ್ಯಕ ಮನೆ ಮಕ್ಕಳಿಗೆ ಇದು ಹೊಳೆಯುತ್ತೆ. ನಮ್ಮಲ್ಲಿ ಅಕ್ಕ ಬಂತು, ತಂಗಿ ಬಂತು ಅಂತಾರಲ್ಲ, ಹೆಣ್ಣುಮಕ್ಕಳಿಗೆ ‘ಅದು’, ಕ್ರಿಯಾಪದವೂ ಅದೇ ಲೆಕ್ಕ. ಪಕ್ಕದ ಮನೆಯವ್ರ ಕನ್ನಡದಲ್ಲಿ ಬಂದ್ಳು. ಇಂಗ್ಲಿಷಲ್ಲಿ ಈ ತಲೆನೋವೇ ಇಲ್ಲ, ಹೀ ಆದ್ರೂ ಶೀ ಆದ್ರೂ ಇಟ್ ಆದ್ರೂ ‘ಕಮ್ಸ್’. ಹಂಗೆ ನೋಡಿದ್ರೆ ಇಂಗ್ಲಿಷ್ ಕ್ರಿಯಾಪದ ಬಡಪಾಯಿ, ‘ಬೀ’ ಒಂದಕ್ಕೆ ಮಾತ್ರ ಆಮ್, ಈಸ್, ಆರ್, ವಾಸ್, ವರ್ ಅಂತ ಐದು ಅಂಗಿ, ಉಳಿದವಕ್ಕೆ ಈಗಿನ ಕಾಲದಲ್ಲಿ ಒಂದು ಎಸ್ಸು, ಹೋದ ಕಾಲದಲ್ಲಿ ಅದೂ ಇಲ್ಲ, ಐ ಕೇಮ್, ಹೀ ಕೇಮ್, ದೇ ಕೇಮ್. ‘ಕ್ಯಾನ್’, ‘ಮಸ್ಟ್’, ‘ವಿಲ್’ಗಂತೂ ಏನೂ ಬೇಡ. ಒಂದೇ ಒಂದು ಎಸ್ಸಿಗೆ ಇಷ್ಟು ವರ್ಷ ಹೆದರಿದ್ವಾ ಅನ್ಸಿತು.

ಆದ್ರೆ ಆ ಎಸ್ಸು ಎಲ್ಲಿ ಹಾಕ್ಬೇಕು ಅಂತ ಗೊತ್ತಾಗೋಕೆ ಕರ್ತೃ ಯಾರು ಅಂತ ಮೊದಲು ಗೊತ್ತಾಗ್ಬೇಕು, ಕಷ್ಟ ಇರೋದೇ ಅಲ್ಲಿ. ಅಕ್ಕೋರ ಹೆಬ್ಬೆರಳಿನ ಉಪಾಯ ಇದಕ್ಕೇ. ಮೂರನೇ ವಾರ ನನ್ನ ಹಳೇ ಮೇಲ್‌ಗಳ ಪ್ರಿಂಟ್ ತಗೊಂಡು ಹೋಗಿದ್ದೆ, ಅವ್ರು ಕನ್ನಡಕ ಹಣೆ ಮೇಲೆ ಏರಿಸ್ಕೊಂಡು ಹಾಳೆ ಹತ್ತಿರ ತಗೊಂಡು ಓದಿದ್ರು, ‘ದಿ ಕ್ವಾಲಿಟಿ ಆಫ್ ದೀಸ್ ನಟ್ಸ್ ಆರ್ ಗುಡ್’. ಆಮೇಲೆ ‘ಆಫ್ ದೀಸ್ ನಟ್ಸ್’ ಮೇಲೆ ಹೆಬ್ಬೆರಳು ಇಟ್ರು. ಅವರ ಉಗುರಿನ ಸಂದೀಲಿ ಅರಿಶಿನದ ಹಳದಿ, ಅದರ ಅಡೀಲಿ ನನ್ನ ಅಡಿಕೆ ಪೂರ್ತಿ ಮುಚ್ಚಿಹೋಯ್ತು. ‘ಈಗ ಓದು ತಮಾ.’ ದಿ ಕ್ವಾಲಿಟಿ ಆರ್ ಗುಡ್. ನಂಗೇ ಕೇಳೋಕೆ ಆಗ್ಲಿಲ್ಲ. ಕ್ವಾಲಿಟಿ ಒಂದು, ‘ಈಸ್’. ಪಕ್ಕದಲ್ಲಿ ನಿಂತ ನಟ್ಸ್ ಕ್ರಿಯಾಪದದ ಕಿವಿ ಹಿಡಿದು ಎಳೆದಿದ್ದು ಅಷ್ಟೇ. ಬ್ಯಾಂಕ್ ಹುಡುಗನ ‘ದಿ ಲಿಸ್ಟ್ ಆಫ್ ಡಾಕ್ಯುಮೆಂಟ್ಸ್ ಆರ್ ಎನ್‌ಕ್ಲೋಸ್ಡ್’ಗೂ ಅದೇ ಹೆಬ್ಬೆರಳು. ‘ಒನ್ ಆಫ್ ಮೈ ಫ್ರೆಂಡ್ಸ್ ಈಸ್’ಗೂ ಅದೇ. ‘ದಿ ಓನರ್, ಅಲಾಂಗ್ ವಿತ್ ಹಿಸ್ ಸನ್ಸ್, ಈಸ್ ಕಮಿಂಗ್’, ಇಲ್ಲಿ ಅಲಾಂಗ್‌ನಿಂದ ಸನ್ಸ್ ತನಕ ಹೆಬ್ಬೆರಳು, ಮಕ್ಕಳು ಎಷ್ಟು ಜನ ಬಂದ್ರೂ ಲೆಕ್ಕಕ್ಕಿಲ್ಲ. ‘ಆಂಡ್’ ಇದ್ರೆ ಮಾತ್ರ ಕೂಡಿಸೋದು.

ಈ ಉಪಾಯ ಸಿಕ್ಕಿದ್ದೇ ತಡ ನಾನು ಎಲ್ಲಾ ಕಡೆ ಹೆಬ್ಬೆರಳು ಒತ್ತೋಕೆ ಶುರು ಮಾಡ್ದೆ, ‘ಹಾಫ್ ಆಫ್ ದಿ ಬ್ಯಾಗ್ಸ್ ಈಸ್ ಡ್ರೈ’ ಅಂತ ಬರೆದು ತೋರಿಸ್ದೆ. ತಪ್ಪು. ಆ ಪಿಯುಸಿ ಹುಡುಗ ಅಲ್ಲೇ ಹೇಳ್ದ, ಅಕ್ಕೋರೇ ಹಂಗಾರೆ ನಿಮ್ಮ ಹೆಬ್ಬೆರಳು ಸುಳ್ಳು ಅಂತ. ಹುಡುಗನಿಗೆ ಭಯ ಇಲ್ಲ. ಅಕ್ಕೋರು ಒಪ್ಕೊಂಡ್ರು, ಕೆಲವು ಶಬ್ದ ಇದ್ದಾಗ ಬೆರಳು ಎತ್ಬೇಕು ಅಂದ್ರು: ಹಾಫ್, ಸಮ್, ಮೋಸ್ಟ್, ಆಲ್, ಪರ್ಸೆಂಟ್. ಇವಕ್ಕೆ ಸ್ವಂತ ಸಂಖ್ಯೆ ಇಲ್ಲ, ಹಿಂದೆ ಬರೋದು ಏನು ಅಂತ ನೋಡಿಯೇ ತೀರ್ಮಾನ. ಕೊಳೆರೋಗ ಬಂದ ವರ್ಷದ್ದೇ ಉದಾಹರಣೆ ಕೊಟ್ರು, ಫಸಲು ಅಂದ್ರೆ ಒಟ್ಟು ಒಂದು, ‘ಹಾಫ್ ಆಫ್ ದಿ ಕ್ರಾಪ್ ಈಸ್ ಲಾಸ್ಟ್’, ಕಾಯಿ ಅಂದ್ರೆ ಎಣಿಸಬಹುದು, ‘ಹಾಫ್ ಆಫ್ ದಿ ನಟ್ಸ್ ಆರ್ ಲಾಸ್ಟ್’. ಬಿದ್ದಿದ್ದು ಅದೇ ಅಡಿಕೆ, ತೋಟದವ್ನಿಗೆ ಎರಡೂ ಅಷ್ಟೇ ಸಂಕಟ, ವ್ಯಾಕರಣಕ್ಕೆ ಮಾತ್ರ ಬೇರೆ. ‘ನಂಬರ್’ ಇನ್ನೂ ಕಿಲಾಡಿ, ‘ದಿ ನಂಬರ್ ಆಫ್ ಬ್ಯಾಗ್ಸ್ ಈಸ್ 80’, ಆದ್ರೆ ‘ಎ ನಂಬರ್ ಆಫ್ ಬ್ಯಾಗ್ಸ್ ಆರ್ ಟಾರ್ನ್’. ‘ದಿ’ ಇದ್ರೆ ಬೆರಳು ಇಡು, ‘ಎ’ ಇದ್ರೆ ಎತ್ತು. ಇದನ್ನ ನಾನು ಡೆಸ್ಕ್ ಮೇಲೆ ಚೀಟಿ ಅಂಟಿಸಿ ಇಟ್ಕೊಂಡಿದೀನಿ.

ಹೋಮ್‌ವರ್ಕ್ ಅಂದ್ರೆ ನಿಮ್ಮ ನಿಮ್ಮ ಕೆಲಸದ ಹತ್ತು ವಾಕ್ಯ ತರ್ಬೇಕು, ಪುಸ್ತಕದ್ದು ನಡೆಯಲ್ಲ. ಇದು ಕ್ಲಾಸಿನ ದೊಡ್ಡ ಪ್ಲಸ್ ಪಾಯಿಂಟ್. ನಾನು ತಂದಿದ್ದು ‘ಗೂಡ್ಸ್ ಹ್ಯಾಸ್ ಬೀನ್ ಡಿಸ್ಪ್ಯಾಚ್ಡ್’, ಬ್ಯಾಂಕ್ ಹುಡುಗ ‘ಯುವರ್ ಡ್ಯೂಸ್ ಈಸ್ ಪೆಂಡಿಂಗ್’, ನರ್ಸು ‘ವೈಟಲ್ಸ್ ಈಸ್ ಸ್ಟೇಬಲ್’. ಮೂರೂ ಒಂದೇ ಜಾತಿ ತಪ್ಪು. ಗೂಡ್ಸ್, ಡ್ಯೂಸ್, ವೈಟಲ್ಸ್ ಎಲ್ಲಾ ಬಹುವಚನದಲ್ಲೇ ಓಡಾಡೋವು, ‘ಹ್ಯಾವ್’, ‘ಆರ್’. ನಾವು ಮಾಲು ಕಳಿಸಿದೆ, ಬಾಕಿ ಇದೆ ಅಂತ ಕನ್ನಡದಲ್ಲಿ ಒಂದೇ ಅಂತ ಅಂದ್ಕೊಂಡಿರ್ತೀವಿ. ಉಲ್ಟಾ ಕಡೆ ‘ನ್ಯೂಸ್’, ‘ಮ್ಯಾಥಮ್ಯಾಟಿಕ್ಸ್’, ‘ಮೀಸಲ್ಸ್’ ಬಾಲದಲ್ಲಿ ಎಸ್ ಇದ್ರೂ ಏಕವಚನ. ಇಲ್ಲಿ ಉಪಾಯ ಇಲ್ಲ, ಬಾಯಿಪಾಠನೇ.

ಕಾರವಾರದ ಹುಡುಗನ ಮನೆಮಾತು ಕೊಂಕಣಿ, ಅವನದ್ದೇ ಬೇರೆ ಕಥೆ. ಅವ್ನು ಒಂದಿನ ಹೇಳ್ದ, ನಮ್ಮಲ್ಲಿ ‘ಅವನು ಮಾವಿನಹಣ್ಣು ತಿಂದ’ ಅಂತ ಹೋದ ಕಾಲದಲ್ಲಿ ಹೇಳೋವಾಗ ಕ್ರಿಯಾಪದ ತಿಂದವನ ಹಿಂದೆ ಹೋಗಲ್ಲ, ಹಣ್ಣಿನ ಹಿಂದೆ ಹೋಗುತ್ತೆ, ಮಾವು ಗಂಡು, ಬಾಳೆಹಣ್ಣು ನಪುಂಸಕ, ಯಾವ್ದು ತಿಂದ್ರೆ ಆ ಬಾಲ. ಅಕ್ಕೋರಿಗೇ ಇದು ಹೊಸ್ದು, ಪೆನ್ ತಗೊಂಡು ಬರ್ಕೊಂಡ್ರು. ಎಪ್ಪತ್ತು ದಾಟಿದವ್ರು ಸ್ಟೂಡೆಂಟ್ ಹೇಳಿದ್ದನ್ನ ಬರ್ಕೊಳ್ಳೋದು ನಾನು ನೋಡಿದ್ದು ಅದೇ ಮೊದಲು. ‘ನಿಂಗೆ ಇದನ್ನೆಲ್ಲ ನಿಭಾಯಿಸೋಕೆ ಬರುತ್ತೆ, ಒಂದು ಎಸ್ ಹಾಕೋಕೆ ಬರಲ್ವಾ ತಮಾ’ ಅಂತ ಅವನಿಗೇ ತಿರುಗಿಸಿದ್ರು.

‘ಐದರ್ ಆರ್’, ‘ನೈದರ್ ನಾರ್’ ಎರಡು ಕ್ಲಾಸಲ್ಲಿ ಮುಗೀತು, ಕ್ರಿಯಾಪದಕ್ಕೆ ಹತ್ತಿರ ಯಾರು ನಿಂತಿದ್ದಾರೋ ಅವರ ಮಾತು ನಡೆಯುತ್ತೆ. ‘ನೈದರ್ ದಿ ಡ್ರೈವರ್ ನಾರ್ ದಿ ಲೇಬರರ್ಸ್ ಹ್ಯಾವ್ ಕಮ್’, ತಿರುಗಿಸಿದ್ರೆ ‘ನೈದರ್ ದಿ ಲೇಬರರ್ಸ್ ನಾರ್ ದಿ ಡ್ರೈವರ್ ಹ್ಯಾಸ್ ಕಮ್’. ಬಸ್ಸಲ್ಲಿ ಬಾಗಿಲ ಹತ್ತಿರ ನಿಂತವ್ರು ಮೊದಲು ಇಳಿಯೋ ಹಾಗೆ. ಸೊಸೈಟಿ ವಿಷಯವೂ ಬಂತು, ‘ದಿ ಸೆಕ್ರೆಟರಿ ಆಂಡ್ ಟ್ರೆಷರರ್ ಈಸ್’ ಅಂದ್ರೆ ಎರಡು ಹುದ್ದೆ ಒಬ್ಬನೇ ಮನುಷ್ಯ, ‘ದಿ ಸೆಕ್ರೆಟರಿ ಆಂಡ್ ದಿ ಟ್ರೆಷರರ್ ಆರ್’ ಅಂದ್ರೆ ಇಬ್ರು. ಒಂದು ಸಣ್ಣ ‘ದಿ’ಲಿ ಒಬ್ಬ ಮನುಷ್ಯ ಹೆಚ್ಚಾಗ್ತಾನೆ, ಮೀಟಿಂಗ್ ನೋಟಿಸ್ ಬರೆಯೋರು ನೋಡ್ಕೊಳ್ಳಿ.

ಈಗ ಒಂದು ಸ್ಟಾರ್ ಯಾಕೆ ಕಡಿಮೆ ಅಂತ. ಮೊದಲನೇದು ಕ್ರಿಕೆಟ್. ಟಿವಿಲಿ ಇಂಗ್ಲೆಂಡ್ ಕಡೆ ಕಮೆಂಟೇಟರ್‌ಗಳು ‘ಇಂಡಿಯಾ ಆರ್ ನೈಂಟಿ ಫಾರ್ ಟೂ’ ಅಂತಾರೆ, ನಮ್ಮ ಇಂಗ್ಲಿಷ್ ಪೇಪರಲ್ಲೂ ‘ಇಂಡಿಯಾ ವಿನ್’ ಅಂತ ಎಸ್ ಇಲ್ದೆ ಬರುತ್ತೆ, ಇದು ಯಾಕೆ ಅಂತ ನಾನು ಮೂರು ಸಲ ಕೇಳ್ದೆ. ಅಕ್ಕೋರು ‘ಪರೀಕ್ಷೇಲಿ ಟೀಮ್ ಈಸ್ ಅಂತ ಬರಿ, ಸುಮ್ನಿರು’ ಅಂದ್ರು. ಆಮೇಲೆ ನಾನೇ ಹುಡುಕಿ ತಿಳ್ಕೊಂಡಿದ್ದು, ಬ್ರಿಟಿಷರು ಟೀಮು, ಕಮಿಟಿ, ಗವರ್ನ್‌ಮೆಂಟ್ ಇವನ್ನ ಒಳಗಿರೋ ಜನ ಅಂತ ನೋಡಿದ್ರೆ ಬಹುವಚನ ಹಾಕ್ತಾರೆ, ಆಟದ ಟೀಮಿಗಂತೂ ಹೆಚ್ಚಾಗಿ ಅದೇ, ಅಮೆರಿಕದವ್ರು ಸಾಮಾನ್ಯವಾಗಿ ಏಕವಚನ. ‘ಪೊಲೀಸ್’ ಮಾತ್ರ ಎರಡೂ ಕಡೆ ‘ಆರ್’. ಇಷ್ಟು ಹೇಳೋಕೆ ಎರಡು ನಿಮಿಷ ಸಾಕಿತ್ತು, ಉಳಿದಿದ್ದನ್ನೆಲ್ಲ ಇಷ್ಟು ಬಿಡಿಸಿ ಹೇಳಿದವ್ರು ಇಲ್ಲಿ ಮಾತ್ರ ಪರೀಕ್ಷೆ ಹೆಸರಲ್ಲಿ ಬಾಯಿ ಮುಚ್ಚಿಸಿದ್ದು ಬೇಜಾರಾಯ್ತು.

ಎರಡನೇದು, ಮಾತಾಡೋ ಪ್ರಾಕ್ಟೀಸ್ ಸೊನ್ನೆ. ಬರೆಯೋವಾಗ ಹೆಬ್ಬೆರಳು ಇಡಬಹುದು, ಫೋನಲ್ಲಿ ಎಲ್ಲಿ ಇಡೋದು. ನಾನು ಇವತ್ತಿಗೂ ಮಾತಲ್ಲಿ ‘ಹೀ ಡೋಂಟ್’ ಅಂತಾನೇ ಅಂತೀನಿ, ಅಂದಮೇಲೆ ಗೊತ್ತಾಗುತ್ತೆ, ಅಷ್ಟೇ ಪ್ರಗತಿ. ಮೂರನೇದು, ನೋಟ್ಸ್ ಕೊಡಲ್ಲ, ಪ್ರಿಂಟ್ ಇಲ್ಲ, ಎಲ್ಲಾ ಬೋರ್ಡ್ ಮೇಲೆ, ಬೋರ್ಡ್ ಬೇರೆ ಹಳೇದು, ಹಿಂದೆ ಕೂತವ್ರಿಗೆ ಈಸೂ ಆಸೂ ಒಂದೇ ಕಾಣುತ್ತೆ. ಕರೆಂಟ್ ಹೋದ್ರೆ ಎಮರ್ಜೆನ್ಸಿ ಲೈಟು ಒಂದೇ, ಮಳೆಗಾಲದಲ್ಲಿ ಕರೆಂಟ್ ಹೋಗೋದು ಹೇಳ್ಬೇಕಾ. ಸೊಳ್ಳೆ. ಬೈಕ್ ನಿಲ್ಸೋಕೆ ಜಾಗ ಇಲ್ಲ, ಓಣಿ ತುದೀಲಿ ನಿಲ್ಸಿ ನಡ್ಕೊಂಡು ಬರ್ಬೇಕು. ಒಂದಿನ ತಪ್ಪಿಸಿದ್ರೆ ಮನೆಗೆ ಫೋನ್ ಮಾಡ್ತಾರೆ, ನಂಗ್ ಮೂವತ್ತೆಂಟು ವಯಸ್ಸು, ನಮ್ಮ ಆಯಿ ಹತ್ರ ನನ್ನ ಮೇಲೆ ಚಾಡಿ ಹೇಳಿದ್ರು. ಬುಧವಾರ ಕ್ಲಾಸ್ ಮುಗಿದ ಮೇಲೆ ಕಷಾಯ ಕೊಡ್ತಾರೆ, ಅದಕ್ಕೆ ಅರ್ಧ ಸ್ಟಾರ್ ವಾಪಸ್ ಕೊಡ್ಬಹುದಿತ್ತು, ಬೆಲ್ಲ ಕಡಿಮೆ ಅಂತ ಕೊಡ್ತಾ ಇಲ್ಲ.

ಯಾರಿಗೆ ಹೇಳಿ ಮಾಡಿಸಿದ್ದು ಅಂದ್ರೆ, ನನ್ನ ಹಾಗೆ ಕನ್ನಡ ಮೀಡಿಯಂನಲ್ಲಿ ಓದಿ ಈಗ ಕೆಲಸಕ್ಕೆ ದಿನಾ ನಾಲ್ಕು ಇಂಗ್ಲಿಷ್ ಮೇಲ್ ಬರೆಯೋರಿಗೆ. ಮಾರ್ಕ್ಸಿಗೆ ಬರೋ ಮಕ್ಕಳಿಗೆ ಸ್ವಲ್ಪ ನಿಧಾನ ಅನ್ಸುತ್ತೆ, ಪಿಯುಸಿ ಹುಡುಗ ಐದನೇ ವಾರಕ್ಕೆ ಆಕಳಿಸೋಕೆ ಶುರು ಮಾಡಿದ್ದ. ಮುಂದಿನ ಬ್ಯಾಚ್ ಯಾವಾಗ ಅಂದ್ರೆ ಅವರ ತೋಟದ ಕೊಯ್ಲು ಮುಗಿದ್ಮೇಲೆ ಅಂತೆ, ತಾರೀಖು ಕೇಳಿದ್ರೆ ‘ಅಡಿಕೆ ಹೇಳ್ಬೇಕು’ ಅಂತಾರೆ. ಫೀಸು ಕ್ಯಾಶ್ ಮಾತ್ರ, ರಸೀದಿ ಇಲ್ಲ.

ಕ್ಲಾಸ್ ಮುಗಿದ ವಾರ ಅದೇ ಖರೀದಿದಾರರಿಗೆ ಮತ್ತೊಂದು ಲೋಡು ಹೋಯ್ತು. ಈ ಸಲ ಮೇಲಲ್ಲಿ ಬರೆದೆ, ‘ಎಯ್ಟಿ ಬ್ಯಾಗ್ಸ್ ಹ್ಯಾವ್ ಬೀನ್ ಡಿಸ್ಪ್ಯಾಚ್ಡ್. ಆಲ್ ಬ್ಯಾಗ್ಸ್ ಆರ್ ಡ್ರೈ.’ ಕಳಿಸೋಕೆ ಮೊದಲು ಸ್ಕ್ರೀನ್ ಮೇಲೆ ಹೆಬ್ಬೆರಳು ಇಟ್ಟು ನೋಡ್ದೆ, ಪಕ್ಕದ ಹುಡುಗ ಟಚ್ ಸ್ಕ್ರೀನ್ ಅಲ್ಲ ಅಣ್ಣ ಅದು ಅಂದ. ನಾಲ್ಕು ದಿನಕ್ಕೆ ಆ ಕಡೆಯಿಂದ ಉತ್ತರ ಬಂತು, ‘ಪೇಮೆಂಟ್ಸ್ ಹ್ಯಾಸ್ ಬೀನ್ ರಿಲೀಸ್ಡ್.’ ಎರಡು ಸಲ ಓದ್ದೆ. ಪೇಮೆಂಟ್ಸ್ ನಂಬಿದ್ರೆ ಹಳೇ ಬಾಕಿನೂ ಸೇರಿ ಎರಡು, ಹ್ಯಾಸ್ ನಂಬಿದ್ರೆ ಒಂದು. ಫೋನ್ ಮಾಡಿ ಕೇಳಿದೆ, ಒಂದಾ ಎರಡಾ ಸಾರ್ ಅಂತ. ಒಂದೇ ಅಂತೆ, ಹಳೇದು ಮುಂದಿನ ವಾರ.